ಸೆಷನ್ ಟೇಬಲ್ ತುಂಬಿ ಯಾರಿಗೂ ಲಾಗಿನ್ ಆಗುತ್ತಿಲ್ಲ, ರೆಡಿಸ್‌ಗೆ ಹೋಗಬೇಕಾ?

ರೆಡಿಸ್ (ಮೆಮೊರಿಯಲ್ಲಿ ಡೇಟಾ ಇಡುವ ಬೇರೊಂದು ಸರ್ವಿಸ್) ವಿಷಯ ಸದ್ಯಕ್ಕೆ ಬಿಡಿ. ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ, ಉಬುಂಟು ಸರ್ವರಿಗೆ ಹಾಕಿದ ಮೇಲೆ ಸೆಷನ್ ಟೇಬಲ್ ಬೆಳೆಯುತ್ತಲೇ ಹೋಯಿತು, ಈಗ ಲಾಗಿನ್ ನಿಂತಿದೆ ಅಂತ ಬರೆದಿದ್ದೀರಿ. ಪಿಎಚ್‌ಪಿಯಲ್ಲಿ ಬರೆದ ಸೈಟ್, ಮೈಎಸ್‌ಕ್ಯೂಎಲ್ ಡೇಟಾಬೇಸ್, ಸೈಟಿಗೆ ಬಂದವರು ಯಾರು ಅನ್ನುವ ನೆನಪನ್ನು, ಅಂದರೆ ಸೆಷನ್ನನ್ನು, ಅದರ ಟೇಬಲಿನಲ್ಲಿ ಇಡಲು ನೀವೇ ಬರೆದ ಸೆಷನ್ ಹ್ಯಾಂಡ್ಲರ್. ನಮ್ಮಲ್ಲೂ ಇದೇ ಆಗಿತ್ತು.

ಮಡಿಕೇರಿಯಲ್ಲಿ ನಾವು ಕೆಲವರು ಸೇರಿ ಹೋಂಸ್ಟೇ ಬುಕಿಂಗ್ ಸೈಟ್ ನಡೆಸುತ್ತೇವೆ. ಗಾಳಿಬೀಡು, ಕಕ್ಕಬ್ಬೆ, ಸೋಮವಾರಪೇಟೆ ಕಡೆಯ ಮನೆಗಳು. ಮಳೆಗಾಲದಲ್ಲಿ ಜನ ಕಡಿಮೆ. ದಸರಾ ಬಂತೆಂದರೆ ಬೇರೆಯೇ ಲೆಕ್ಕ. ವಿಜಯದಶಮಿ ರಾತ್ರಿ ದಶಮಂಟಪಗಳ ಮೆರವಣಿಗೆ ನೋಡಲು ಬರುವವರಿಗೆ ರೂಮ್ ಸಿಗುವುದೇ ಕಷ್ಟ, ಅದರ ಆಸುಪಾಸಿನಲ್ಲೇ ತಲಕಾವೇರಿಯ ತುಲಾ ಸಂಕ್ರಮಣವೂ ಬರುತ್ತದೆ. ಅಂಥ ವಾರದಲ್ಲಿ ಸೈಟ್ ಕೈಕೊಟ್ಟಿತು.

ಪೂರ್ತಿ ನಿಂತಿದ್ದರೆ ಬೇಗ ಗೊತ್ತಾಗುತ್ತಿತ್ತು. ಆದರೆ ಪುಟಗಳು ತೆರೆಯುತ್ತಿದ್ದವು, ಫೋಟೋ ಬರುತ್ತಿತ್ತು, ರೇಟ್ ಕಾಣುತ್ತಿತ್ತು. ಲಾಗಿನ್ ಒತ್ತಿದರೆ ಮಾತ್ರ ಮತ್ತೆ ಅದೇ ಲಾಗಿನ್ ಪುಟ. ಪಾಸ್‌ವರ್ಡ್ ತಪ್ಪು ಅಂತಲೂ ಹೇಳುವುದಿಲ್ಲ. ಹೋಂಸ್ಟೇ ಮಾಲೀಕರೊಬ್ಬರು ಫೋನ್ ಮಾಡಿ, “ಏನಪ್ಪಾ, ನಿಮ್ಮ ಸೈಟು ನನ್ನನ್ನ ಒಳಗೇ ಬಿಡ್ತಿಲ್ಲ. ಗೆಸ್ಟ್ ಗೇಟ್ ಹತ್ರ ನಿಂತಿದ್ದಾರೆ, ಬುಕಿಂಗ್ ಇದೆಯೋ ಇಲ್ವೋ ಹೇಳು” ಅಂದರು. ನಾವು ಕುಕಿ (ಬ್ರೌಸರ್ ಇಟ್ಟುಕೊಳ್ಳುವ ಗುರುತು) ನೋಡಿದೆವು, ಎಚ್‌ಟಿಟಿಪಿಎಸ್ ನೋಡಿದೆವು, ಟೈಮ್ ಜೋನ್ ನೋಡಿದೆವು. ಡಿಸ್ಕ್ ನೋಡಿದ್ದು ಎಲ್ಲಕ್ಕಿಂತ ಕೊನೆಗೆ. ಪೂರ್ತಿ ತುಂಬಿತ್ತು. ಓದಲು ಹೊಸ ಜಾಗ ಬೇಡ, ಅದಕ್ಕೇ ಪುಟಗಳು ಬರುತ್ತಿದ್ದವು. ಸೆಷನ್ ಬರೆಯಲು ಜಾಗ ಬೇಕು. ಆ ಎರರ್ ಬರೆಯಬೇಕಿದ್ದ ಲಾಗ್ ಫೈಲ್ ಕೂಡ ಅದೇ ಡಿಸ್ಕಿನಲ್ಲಿತ್ತು, ಹಾಗಾಗಿ ಲಾಗಿನಲ್ಲೂ ಏನೂ ಸಿಗಲಿಲ್ಲ.

ಈಗ ತಪ್ಪು ಎಲ್ಲಿತ್ತು ಅನ್ನುವುದಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ನಿಮ್ಮದೂ ಇದೇ ಅಂತ ನನಗೆ ಹೆಚ್ಚುಕಡಿಮೆ ಖಾತ್ರಿ. ಹ್ಯಾಂಡ್ಲರಿನಲ್ಲಿ ರೀಡ್, ರೈಟ್, ಡಿಸ್ಟ್ರಾಯ್ ಜೊತೆ ಜಿಸಿ ಅಂತ ಒಂದು ಫಂಕ್ಷನ್ ಇರುತ್ತದೆ. ಹಳೇ ಸೆಷನ್ ಅಳಿಸುವುದು ಅದರ ಕೆಲಸ. ನಾವು ಅದನ್ನು ಬರೆದಿದ್ದೆವು, ಸರಿಯಾಗಿಯೇ ಬರೆದಿದ್ದೆವು. ಆದರೆ ಅದನ್ನು ಕರೆಯುವವರು ಯಾರು ಅಂತ ಕೇಳಿಕೊಳ್ಳಲಿಲ್ಲ. ಪಿಎಚ್‌ಪಿ ಕರೆಯುತ್ತದೆ, ಆದರೆ ಪ್ರತಿ ಸಲ ಅಲ್ಲ. ಜಿಸಿ ಪ್ರಾಬಬಿಲಿಟಿ, ಜಿಸಿ ಡಿವೈಸರ್ ಅಂತ ಎರಡು ಸೆಟ್ಟಿಂಗ್ ಇವೆ. ಪಿಎಚ್‌ಪಿಯ ಸ್ವಂತ ಲೆಕ್ಕ 1 ಮತ್ತು 100, ಅಂದರೆ ನೂರು ಸಲ ಸೆಷನ್ ಶುರುವಾದರೆ ಸರಾಸರಿ ಒಂದು ಸಲ. ಡೆಬಿಯನ್ ಮತ್ತು ಉಬುಂಟು ಲಿನಕ್ಸಿನ ಪಿಎಚ್‌ಪಿ ಪ್ಯಾಕೇಜಿನಲ್ಲಿ ಪ್ರಾಬಬಿಲಿಟಿ 0. ಅಂದರೆ ಎಂದೂ ಇಲ್ಲ. ಅವರು ಸುಮ್ನೆ ಹಾಗೆ ಮಾಡಿದ್ದಲ್ಲ. ನಾವು ಬೇರೆ ಹ್ಯಾಂಡ್ಲರ್ ಬರೆಯದಿದ್ದರೆ ಪಿಎಚ್‌ಪಿ ಸೆಷನ್ನುಗಳನ್ನು ಫೈಲುಗಳಲ್ಲಿ ಇಡುತ್ತದೆ. ಒಬ್ಬರ ಸೆಷನ್ ಇನ್ನೊಬ್ಬರಿಗೆ ಸಿಗಬಾರದು ಅಂತ ಆ ಫೈಲುಗಳ ಫೋಲ್ಡರಿನ ಪಟ್ಟಿಯನ್ನು ವೆಬ್ ಸರ್ವರ್ ಕೂಡ ಓದಲು ಆಗದ ಹಾಗೆ ಇಟ್ಟಿದ್ದಾರೆ, ಬದಲಿಗೆ ಅರ್ಧ ಗಂಟೆಗೊಮ್ಮೆ ಬೇರೆ ಸ್ಕ್ರಿಪ್ಟ್ ಓಡಿ ಹಳೇ ಫೈಲುಗಳನ್ನು ತೆಗೆಯುತ್ತದೆ. ಆ ಸ್ಕ್ರಿಪ್ಟಿಗೆ ಗೊತ್ತಿರುವುದು ಫೈಲ್ ಮಾತ್ರ. ನಿಮ್ಮ ಟೇಬಲ್ ಇದೆ ಅಂತಲೇ ಅದಕ್ಕೆ ಗೊತ್ತಿಲ್ಲ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ 1 ಇತ್ತು, ಜಿಸಿ ಓಡುತ್ತಿತ್ತು, ಟೇಬಲ್ ಚೊಕ್ಕವಾಗಿತ್ತು. ಸರ್ವರಿನಲ್ಲಿ ಮಾತ್ರ ಒಣಗಿದ ಕಾಫಿ ಎತ್ತದೆ ದಿನಾ ಹೊಸ ಹಣ್ಣು ತಂದು ಕಣಕ್ಕೆ ಸುರಿದ ಹಾಗಾಗಿತ್ತು.

ಅದರಲ್ಲೂ ಜಾಸ್ತಿ ಸಾಲುಗಳು ಮನುಷ್ಯರದ್ದಲ್ಲ. ಕುಕಿ ಇಲ್ಲದೆ ಬರುವ ಪ್ರತಿ ರಿಕ್ವೆಸ್ಟಿಗೂ ಹೊಸ ಸೆಷನ್ ಹುಟ್ಟುತ್ತದೆ. ಸೈಟ್ ಜೀವಂತ ಇದೆಯಾ ಅಂತ ನಿಮಿಷಕ್ಕೊಮ್ಮೆ ನೋಡುವ ಮಾನಿಟರ್ ಒಂದೇ ದಿನಕ್ಕೆ 1440 ಸಾಲು ಸೇರಿಸುತ್ತದೆ. ಸರ್ಚ್ ಬಾಟುಗಳು ಬೇರೆ. ಲಾಗಿನ್ ಬೇಡದ ಪುಟದಲ್ಲಿ ಸೆಷನ್ ಶುರು ಮಾಡಲೇಬೇಡಿ.

ಗಾಬರಿಯಲ್ಲಿ ದೊಡ್ಡದೊಂದು ಡಿಲೀಟ್ ಮಾಡಲು ಹೋಗಬೇಡಿ. ಮೈಎಸ್‌ಕ್ಯೂಎಲ್ ಟೇಬಲುಗಳನ್ನು ಡಿಸ್ಕಿನಲ್ಲಿ ಇಡುವ ಇನ್ನೋಡಿಬಿಯಲ್ಲಿ ಸಾಲು ಅಳಿಸಿದರೆ ಫೈಲ್ ಚಿಕ್ಕದಾಗುವುದಿಲ್ಲ, ಒಳಗೆ ಖಾಲಿ ಜಾಗ ಉಳಿಯುತ್ತದೆ ಅಷ್ಟೆ. ಅಳಿಸುವಾಗ ಅಂಡೂ ಲಾಗ್, ಬಿನ್‌ಲಾಗ್ (ಬದಲಾವಣೆಗಳನ್ನು ಮೈಎಸ್‌ಕ್ಯೂಎಲ್ ಬರೆದಿಡುವ ದಾಖಲೆಗಳು) ಇನ್ನಷ್ಟು ಜಾಗ ಕೇಳುತ್ತವೆ. ಟೇಬಲನ್ನು ಹೊಸದಾಗಿ ಬರೆದು ಚಿಕ್ಕದು ಮಾಡುವ ಆಪ್ಟಿಮೈಜ್ ಟೇಬಲ್ ಕಮಾಂಡಿಗೆ ಆ ಹೊಸ ಪ್ರತಿಗೆ ಬೇಕಾದಷ್ಟು ಜಾಗ ಬೇಕು, ಅದೇ ಅಲ್ವಾ ಇಲ್ಲದಿರುವುದು! ನಾವು ಟ್ರಂಕೇಟ್ ಮಾಡಿದೆವು, ಅಂದರೆ ಇಡೀ ಟೇಬಲ್ ಒಂದೇ ಸಲ ಖಾಲಿ. ಜಾಗ ಕೂಡಲೇ ವಾಪಸ್ ಬಂತು, ಸೈಟ್ ಎದ್ದಿತು. ಆದರೆ ಅರ್ಧ ತುಂಬಿದ ಬುಕಿಂಗುಗಳನ್ನೆಲ್ಲ ನಾವು ಸೆಷನ್ನಿನಲ್ಲೇ ಇಟ್ಟಿದ್ದೆವು. ತಾರೀಖು, ರೂಮು, ಫೋನ್ ನಂಬರ್, ಎಲ್ಲ ಹೋಯಿತು. ದಸರಾಗೆ ಯಾರು ಯಾವ ಮನೆ ಹಿಡಿದಿದ್ದರು ಅಂತ ತಿಳಿಯುವ ದಾರಿಯೇ ಉಳಿಯಲಿಲ್ಲ. ಆ ವಾರದ ಆದಾಯ ನಂಬಿಕೊಂಡಿದ್ದ ಮನೆಗಳವು. ನನಗೆ ಇವತ್ತಿಗೂ ಬೇಸರ ಇರುವುದು ಅದಕ್ಕೆ.

ನೀವು ಹೀಗೆ ಮಾಡಿ. ಮೊದಲು ಹಳೇ ಲಾಗ್ ಅಥವಾ ಬ್ಯಾಕಪ್ ಸರಿಸಿ ಸ್ವಲ್ಪ ಜಾಗ ಮಾಡಿಕೊಳ್ಳಿ. ಅದೇ ರಚನೆಯ ಖಾಲಿ ಟೇಬಲ್ ಮಾಡಿ, ರಿನೇಮ್‌ನಿಂದ ಹಳೆಯದು ಹೊಸದು ಅದಲುಬದಲು ಮಾಡಿ, ಜೀವಂತ ಇರುವ ಸೆಷನ್ ಮಾತ್ರ ಹೊಸದಕ್ಕೆ ಕಾಪಿ ಮಾಡಿ, ಆಮೇಲೆ ಹಳೆಯದನ್ನು ಡ್ರಾಪ್ ಮಾಡಿ. ಕೊನೆಯ ಚಟುವಟಿಕೆಯ ಕಾಲಂಗೆ ಇಂಡೆಕ್ಸ್ ಹಾಕಿ, ಹಳೇ ಸಾಲು ಬೇಗ ಸಿಗುತ್ತವೆ. ಪ್ರಾಬಬಿಲಿಟಿಯನ್ನು 1 ಮಾಡಿದರೂ ಆಗುತ್ತದೆ, ಆದರೆ ನನ್ನ ಪ್ರಕಾರ ಅಳಿಸುವ ಕೆಲಸ ಕ್ರಾನ್‌ಗೇ (ಗೊತ್ತಾದ ಹೊತ್ತಿಗೆ ಕೆಲಸ ಓಡಿಸುವ ಪ್ರೋಗ್ರಾಂ) ಕೊಡಿ, ಒಂದು ಸಲಕ್ಕೆ ಸಾವಿರ ಸಾಲಿನಂತೆ. ಯಾರೋ ಬುಕಿಂಗ್ ಒತ್ತಿದ ಹೊತ್ತಿನಲ್ಲಿ ಗುಡಿಸುವ ಕೆಲಸ ಅವರ ತಲೆಗೆ ಯಾಕೆ?

ರೆಡಿಸ್ ಅವಧಿ ಮುಗಿದದ್ದನ್ನು ತಾನೇ ತೆಗೆಯುತ್ತದೆ, ನಿಜ. ಆದರೆ ಇಷ್ಟು ಚಿಕ್ಕ ಸೈಟಿಗೆ ನೋಡಿಕೊಳ್ಳಬೇಕಾದ ಇನ್ನೊಂದು ಸರ್ವಿಸ್ ಬೇಡ. ಸೆಷನ್ನಿನಲ್ಲಿ ಬಳಕೆದಾರರ ಐಡಿ, ಒಂದೆರಡು ಚಿಕ್ಕ ವಿಷಯ ಇರಲಿ. ಬುಕಿಂಗ್ ಕರಡಿಗೆ ಅದರದೇ ಟೇಬಲ್ ಮಾಡಿ. ಅದನ್ನು ಮಾಡದೆ ರೆಡಿಸ್‌ಗೆ ಹೋದರೂ ಒಂದು ದಿನ ಅದೇ ಡೇಟಾ ಕಳೆದುಕೊಳ್ಳುತ್ತೀರಿ.

ಇನ್ನೊಂದು. ನಿಮ್ಮ ಡೇಟಾ ಕಾಲಂ ಟೆಕ್ಸ್ಟ್ ಆಗಿದ್ದರೆ ಬ್ಲಾಬ್ (ಬೈಟುಗಳನ್ನು ಹಾಗೇ ಇಡುವ ಕಾಲಂ) ಮಾಡಿ, ಪಿಎಚ್‌ಪಿ ಆಬ್ಜೆಕ್ಟನ್ನು ಉಳಿಸಿಡಲು ಸೀರಿಯಲೈಜ್ ಮಾಡಿದಾಗ ಅಕ್ಷರವಲ್ಲದ ನಲ್ ಬೈಟ್ (ಬೆಲೆ 0 ಇರುವ ಬೈಟ್) ಬರಬಹುದು. ಎರಡರ ಮಿತಿಯೂ 65,535 ಬೈಟ್. ಅದನ್ನು ಮೀರಿದಾಗ, ಸ್ಟ್ರಿಕ್ಟ್ ಮೋಡ್ (ಹಿಡಿಸದ ಡೇಟಾಗೆ ಎರರ್ ಕೊಡುವ ಸೆಟ್ಟಿಂಗ್) ಇಲ್ಲದಿದ್ದರೆ ಮೈಎಸ್‌ಕ್ಯೂಎಲ್ ಬರೀ ವಾರ್ನಿಂಗ್ ಕೊಟ್ಟು ಬಾಲ ಕತ್ತರಿಸುತ್ತದೆ, ಆ ಒಬ್ಬ ಗ್ರಾಹಕರು ಮಾತ್ರ ಲಾಗೌಟ್ ಆಗುತ್ತಿರುತ್ತಾರೆ. ಸೆಟ್ಟಿಂಗ್ ನೋಡುವಾಗ ಟರ್ಮಿನಲ್ ನಂಬಬೇಡಿ, ಅದರ ಪಿಎಚ್‌ಪಿ ಐಎನ್ಐ (ಸೆಟ್ಟಿಂಗ್) ಫೈಲ್ ಬೇರೆ. ಎಲ್ಲ ಸೆಟ್ಟಿಂಗ್ ತೋರಿಸುವ ಪಿಎಚ್‌ಪಿ ಇನ್ಫೋ ಪುಟವನ್ನು ಬ್ರೌಸರಿನಿಂದ ತೆರೆದು ನೋಡಿ, ನೋಡಿದ ಮೇಲೆ ಆ ಪುಟ ಅಳಿಸಿ.