ಹಿಮ್ಮಡಿ ನೆಲಕ್ಕೂರಲು ಏನು ಮಾಡಬೇಕು? ಓದುಗರ ಪ್ರಶ್ನೆ, ಫಿಸಿಯೊಥೆರಪಿ ತಜ್ಞರ ಉತ್ತರ

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ, ಏಳು ತಿಂಗಳಿಗೇ ಹುಟ್ಟಿದವನು. ಸೆರೆಬ್ರಲ್ ಪಾಲ್ಸಿ (ಮೆದುಳಿಗೆ ಪೆಟ್ಟಾಗಿ ಬರುವ ಚಲನೆಯ ತೊಂದರೆ), ಎರಡೂ ಕಾಲು ಬಿಗಿ ಅಂದಿದ್ದಾರೆ. ಗೋಡೆ ಹಿಡಿದು ತುದಿಗಾಲಲ್ಲಿ ನಡೆಯುತ್ತಾನೆ, ಕಾಲು ಕತ್ತರಿ ಹಾಕಿಕೊಳ್ಳುತ್ತವೆ. ಶಿವಮೊಗ್ಗಕ್ಕೆ ಥೆರಪಿಗೆ ತಿಂಗಳಿಗೊಮ್ಮೆ ಹೋಗುವುದೇ ಕಷ್ಟ. ಮನೆಯಲ್ಲಿ ಕಾಲು ಎಳೆದರೆ ಅಳುತ್ತಾನೆ. ಅಜ್ಜಿ ದಿನಾ ಎಣ್ಣೆ ತಿಕ್ಕುತ್ತಾರೆ, ಅಷ್ಟು ಸಾಲದೇ?
– ಒಬ್ಬ ತಾಯಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಸಾಲದು. ಅಜ್ಜಿಯ ಎಣ್ಣೆ ಚರ್ಮಕ್ಕೆ ಒಳ್ಳೆಯದೇ, ಮಗುವಿಗೂ ಹಿತ. ಆದರೆ ಬಿಗಿತ ಹುಟ್ಟುವುದು ಮೆದುಳಿನಿಂದ ಸ್ನಾಯುವಿಗೆ ಹೋಗುವ ಸಂದೇಶದಲ್ಲಿ, ಅಲ್ಲಿಗೆ ಎಣ್ಣೆ ಮುಟ್ಟುವುದಿಲ್ಲ. ಮೆದುಳಿಗೆ ಆದ ಪೆಟ್ಟು ಹೆಚ್ಚುತ್ತಾ ಹೋಗುವಂಥದ್ದಲ್ಲ. ಹೆಚ್ಚುವುದು ಕಾಲಿನ ತೊಂದರೆ: ಮೂಳೆ ಬೆಳೆದಷ್ಟು ಬೇಗ ಬಿಗಿ ಸ್ನಾಯು ಬೆಳೆಯದೆ ಗಿಡ್ಡವಾಗಿ ಉಳಿಯುತ್ತದೆ. ಮನೆಯಲ್ಲಿ ನಾವು ತಡೆಯಬೇಕಾದದ್ದು ಅದನ್ನು.

ಅಳುವುದಕ್ಕೆ ಬಹುಪಾಲು ಕಾರಣ ಎಳೆಯುವ ವೇಗ. ಬಿಗಿ ಸ್ನಾಯುವನ್ನು ಸರಕ್ಕನೆ ಎಳೆದರೆ ಅದು ಇನ್ನಷ್ಟು ಬಿಗಿದುಕೊಳ್ಳುತ್ತದೆ, ಕೆಲವೊಮ್ಮೆ ಪಾದ ಪಟಪಟ ಅದುರುತ್ತದೆ. ಮಳೆಗಾಲದ ಥಂಡಿಯಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಶುರು ಮಾಡಬೇಡಿ. ಹಂಡೆಯ ಬಿಸಿನೀರಿನ ಸ್ನಾನವಾಗಿ, ಮೈ ಬೆಚ್ಚಗಿರುವಾಗಲೇ ಮಾಡಿ. ನೀರಿನ ಬಿಸಿಯನ್ನು ನಿಮ್ಮ ಮೊಣಕೈ ಅದ್ದಿ ನೋಡಿಕೊಳ್ಳಿ, ಈ ಮಕ್ಕಳಲ್ಲಿ ಕೆಲವರಿಗೆ ಸುಡುವುದು ಸರಿಯಾಗಿ ಗೊತ್ತಾಗುವುದಿಲ್ಲ.

ಮೀನಖಂಡಕ್ಕೆ ಹೀಗೆ: ಮಗುವನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ. ಒಂದು ಕೈಯಿಂದ ಮಂಡಿ ನೇರವಾಗಿರುವಂತೆ ಹಗುರವಾಗಿ ಹಿಡಿಯಿರಿ. ಇನ್ನೊಂದು ಅಂಗೈಯೊಳಗೆ ಹಿಮ್ಮಡಿ ಕೂರಬೇಕು, ಅದೇ ಕೈಯ ಮುಂಗೈ ಅಂಗಾಲಿಗೆ ಒರಗಬೇಕು. ಮೊದಲು ಹಿಮ್ಮಡಿಯನ್ನು ನಿಮ್ಮ ಕಡೆಗೆ ಕೆಳಕ್ಕೆ ಎಳೆಯಿರಿ, ಆಮೇಲೆ ಮುಂಗೈಯಿಂದ ಪಾದವನ್ನು ನಿಧಾನವಾಗಿ ಮೇಲಕ್ಕೆ ಒತ್ತಿ. ಬಿಗಿ ಸಿಕ್ಕಿದ ಕಡೆ ನಿಲ್ಲಿಸಿ, ಸಡಿಲವಾಗುವುದನ್ನು ಕಾದು ಇನ್ನೊಂಚೂರು ಒತ್ತಿ, 30 ಸೆಕೆಂಡು ಹಿಡಿಯಿರಿ. ಒಂದೊಂದು ಕಾಲಿಗೆ ಐದು ಸಲ. ಕೊನೆಯ ಎರಡು ಸಲ ಮಂಡಿ ಮಡಚಿ ಮಾಡಿ, ಒಳಗಿನ ಇನ್ನೊಂದು ಸ್ನಾಯುವಿಗೆ ಎಳೆತ ಸಿಗುವುದು ಆಗಲೇ.

ಎಲ್ಲರೂ ಎಡವುವ ಜಾಗ ಒಂದಿದೆ. ಹಿಮ್ಮಡಿ ಬಿಟ್ಟು ಬರೀ ಪಾದದ ಮುಂಭಾಗ ಹಿಡಿದು ಮೇಲೆ ತಳ್ಳುತ್ತಾರೆ. ನೋಡಲು ಪಾದ ಚೆನ್ನಾಗಿಯೇ ಮಡಚುತ್ತದೆ, ಆದರೆ ಬಾಗಿದ್ದು ಪಾದದ ನಡುವೆ, ಹರಡಿನ (ಪಾದದ ಗಂಟಿನ) ಕೀಲಿನಲ್ಲಲ್ಲ. ತಿಂಗಳುಗಟ್ಟಲೆ ಹೀಗೇ ಮಾಡಿದರೆ ಅಂಗಾಲು ಚಪ್ಪಟೆಯಾಗಿ ಹೊರಕ್ಕೆ ತಿರುಗುತ್ತದೆ, ಹಿಮ್ಮಡಿ ಮಾತ್ರ ಮೇಲೇ ಇರುತ್ತದೆ. ಒತ್ತುವಾಗ ಪಾದ ಹೊರಗಡೆ ವಾಲದಂತೆ ನೇರವಾಗಿ, ಬೇಕಿದ್ದರೆ ಕೂದಲೆಳೆಯಷ್ಟು ಒಳಮುಖವಾಗಿ ಹಿಡಿಯಿರಿ.

ಕಾಲಿನ ಕತ್ತರಿ ಬಿಡಿಸಲು ತೊಡೆ ಅಗಲಿಸುವಾಗ ಮಂಡಿಯ ಮೇಲ್ಗಡೆ ಹಿಡಿಯಿರಿ. ಪಾದ ಹಿಡಿದು ಎಳೆದರೆ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ.

ಇದೆಲ್ಲ ದಿನಕ್ಕೆ ಕಾಲು ಗಂಟೆಯ ಕೆಲಸ, ಆದರೆ ಇದೊಂದರಿಂದಲೇ ಅವನ ನಡಿಗೆ ಸುಧಾರಿಸುವುದಿಲ್ಲ. ಬೇರೆಯವರು ಎಳೆದ ಕಾಲಿಗಿಂತ ಅವನೇ ದುಡಿಸಿದ ಕಾಲು ಹೆಚ್ಚು ಕಲಿಯುತ್ತದೆ. ಬಿಗಿ ಸ್ನಾಯು ಬಲವಾಗಿಯೂ ಇರುತ್ತದೆ ಅಂದುಕೊಳ್ಳಬೇಡಿ, ಅದು ಬಿಗಿಯೂ ಹೌದು, ಬಲಹೀನವೂ ಹೌದು. ಬಲದ ವ್ಯಾಯಾಮದಿಂದ ಬಿಗಿತ ಹೆಚ್ಚುತ್ತದೆ ಅನ್ನುವುದು ಹಳೆಯ ಹೆದರಿಕೆ.

ಕೂತು ಏಳುವುದನ್ನೇ ಮುಖ್ಯ ಮಾಡಿಕೊಳ್ಳಿ. ಅವನ ಮಂಡಿಗಿಂತ ಎರಡು ಇಂಚು ಎತ್ತರದ ಸ್ಟೂಲು, ಎದುರಿಗೆ ಅವನ ಎದೆಮಟ್ಟದ ಮೇಜು, ಮೇಜಿನ ಮೇಲೆ ಅವನಿಗೆ ಬೇಕಾದದ್ದು. ಪಾದಗಳ ನಡುವೆ ಒಂದು ಗೇಣು ಅಂತರವಿರಲಿ, ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದಿರಲಿ. ಮೂಗು ಪಾದದ ತುದಿ ದಾಟುವಷ್ಟು ಮುಂದೆ ಬಾಗಿ ಏಳಬೇಕು. ಹಿಂದಕ್ಕೆ ಒರಗಿಕೊಂಡು ಎದ್ದರೆ ತುದಿಗಾಲೇ ಬರುತ್ತದೆ. ನೀವು ಹಿಂದೆ ಕೂತು ಮಂಡಿಗಳ ಮೇಲೆ ಕೈಯಿಟ್ಟು ಕೆಳಕ್ಕೆ ಒತ್ತಿದರೆ ಹಿಮ್ಮಡಿ ನೆಲ ಬಿಡುವುದಿಲ್ಲ. ರಟ್ಟೆ ಹಿಡಿದು ಎತ್ತಬೇಡಿ. ಎಂಟು ಸಲ ಎದ್ದು, ಅಷ್ಟೇ ನಿಧಾನವಾಗಿ ಕೂರಲಿ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಎಂಟು, ಹೀಗೆ ಮೂರು ಸುತ್ತು. ಸುಲಭವಾದಂತೆ ಸ್ಟೂಲಿನ ಎತ್ತರ ಇಳಿಸಿ, ಕೊನೆಗೆ ಅಡಿಗೆಮನೆಯ ಮಣೆಯಿಂದ ಏಳಲಿ. ಅಂಗಾಲಿನ ಎಣ್ಣೆ ಮೊದಲು ಸೋಪು ಹಾಕಿ ತೊಳೆಯಿರಿ, ಇಲ್ಲವಾದರೆ ನಯವಾದ ಕೆಂಪು ಸಿಮೆಂಟಿನ ನೆಲದಲ್ಲಿ ಜಾರಿ ಬಿದ್ದು, ನಿಲ್ಲುವುದಕ್ಕೇ ಹೆದರುತ್ತಾನೆ.

ಪ್ರಶ್ನೆ: ಆರು ವರ್ಷದ ಮಗಳಿಗೆ ಪಾದ, ಹರಡು ನೇರ ಹಿಡಿಯುವ ಪ್ಲಾಸ್ಟಿಕ್ ಸ್ಪ್ಲಿಂಟ್ (ಎಎಫ್‌ಒ) ಕೊಟ್ಟಿದ್ದಾರೆ. ಜೂನ್ ಬಂತೆಂದರೆ ಕಾಲು ಬೆಳ್ಳಗಾಗಿ ಚರ್ಮ ಸುಲಿಯುತ್ತದೆ, ಕೆಂಪು ಗೆರೆ ಬೀಳುತ್ತದೆ. ಮಳೆಗಾಲ ಮುಗಿಯುವವರೆಗೆ ಬಿಡಬಹುದೇ?
– ಸಾಗರ

ಉತ್ತರ: ನಾಲ್ಕು ತಿಂಗಳು ಬಿಟ್ಟರೆ ಅಕ್ಟೋಬರಿನಲ್ಲಿ ಅದೇ ಸ್ಪ್ಲಿಂಟಿನೊಳಗೆ ಹಿಮ್ಮಡಿ ಇಳಿಯುವುದು ಅನುಮಾನ. ಬೆಳ್ಳಗಾಗುವುದು ಒದ್ದೆಯಿಂದ. ಮಂಡಿವರೆಗಿನ ತೆಳು ಹತ್ತಿ ಕಾಲುಚೀಲ ನಾಲ್ಕು ಜೊತೆ ಇಟ್ಟುಕೊಂಡು ಮಧ್ಯಾಹ್ನ ಒಮ್ಮೆ ಬದಲಿಸಿ, ಶಾಲೆಯ ಚೀಲದಲ್ಲೂ ಒಂದು ಜೊತೆ ಇರಲಿ. ಸ್ಪ್ಲಿಂಟನ್ನು ರಾತ್ರಿ ಒರೆಸಿ ಗಾಳಿಗಿಡಿ. ಒಲೆಯ ಪಕ್ಕ ಒಣಗಿಸಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಕೆಂಪು ಗೆರೆ ಬಿಚ್ಚಿದ ಅರ್ಧ ಗಂಟೆಯೊಳಗೆ ಮಾಯವಾದರೆ ಚಿಂತೆಯಿಲ್ಲ. ಉಳಿದರೆ ಮೊದಲು ಹಾಕುವ ಕ್ರಮ ನೋಡಿ: ಮಂಡಿ ಮಡಚಿ, ಹಿಮ್ಮಡಿಯನ್ನು ಹಿಂದಕ್ಕೆ, ತಳಕ್ಕೆ ಕೂರಿಸಿ, ಹರಡಿನ ಬೆಲ್ಟನ್ನು ಎಲ್ಲಕ್ಕಿಂತ ಮೊದಲು ಬಿಗಿಯಬೇಕು. ಮೇಲಿನ ಬೆಲ್ಟು ಮೊದಲು ಹಾಕಿದರೆ ಹಿಮ್ಮಡಿ ಒಳಗೇ ಎತ್ತಿಕೊಂಡು ಉಜ್ಜುತ್ತದೆ. ಇಷ್ಟಾದರೂ ಕೆಂಪಾಗಿ ಉಳಿದರೆ, ಅಥವಾ ಬೆರಳು ಅಂಚು ದಾಟಿದ್ದರೆ, ಸ್ಪ್ಲಿಂಟ್ ಚಿಕ್ಕದಾಗಿದೆ. ಮಾಡಿದವರಲ್ಲಿಗೇ ಒಯ್ಯಿರಿ, ಹತ್ತಿ ತುರುಕಿ ಸರಿಮಾಡಬೇಡಿ.

ಪ್ರಶ್ನೆ: ಮೊಮ್ಮಗಳಿಗೆ ಮೂರು ವರ್ಷ, ಕೂರಲು ಆಗುವುದಿಲ್ಲ. ದಿನವಿಡೀ ಮಲಗಿಯೇ ಇರುತ್ತಾಳೆ, ಇಲ್ಲವೇ ಯಾರಾದರೂ ಎತ್ತಿಕೊಂಡಿರಬೇಕು. ವ್ಯಾಯಾಮದಿಂದ ಉಪಯೋಗ ಉಂಟೇ?
– ಒಬ್ಬ ಅಜ್ಜ, ಹೊಸನಗರ

ಉತ್ತರ: ಉಂಟು. ಆದರೆ ಇಲ್ಲಿ ವ್ಯಾಯಾಮಕ್ಕಿಂತ ಮೊದಲು ಕುರ್ಚಿ ಬೇಕು. ನಿಮ್ಮೂರಿನ ಬಡಗಿಯೇ ಮಾಡಿಕೊಡಬಲ್ಲ, ಅಳತೆ ಮಾತ್ರ ಸರಿಯಾಗಿ ಕೊಡಿ. ಮಗುವಿನ ಬೆನ್ನಿನಿಂದ ಮಂಡಿಯ ಹಿಂಭಾಗದವರೆಗೆ ಅಳೆದು ಎರಡು ಬೆರಳು ಕಳೆದರೆ ಆಸನದ ಆಳ. ಮಂಡಿಯ ಹಿಂಭಾಗದಿಂದ ಹಿಮ್ಮಡಿಯವರೆಗಿನದು ಎತ್ತರ. ಸೊಂಟ, ಮಂಡಿ, ಹರಡು ಮೂರೂ ಲಂಬಕೋನದಲ್ಲಿರಲಿ, ಪಾದ ಹಲಗೆಗೆ ತಾಗಲಿ. ಬೆಲ್ಟು ಹೊಟ್ಟೆಗಲ್ಲ, ತೊಡೆಸಂದಿಗೆ. ಮಂಡಿಗಳ ನಡುವೆ ಸುತ್ತಿದ ಟವೆಲ್ಲು, ಮುಂದೆ ಮೊಣಕೈ ಮಟ್ಟಕ್ಕೆ ಹಲಗೆ. ಒಮ್ಮೆಗೆ ಅರ್ಧ ಗಂಟೆ ಸಾಕು, ಆಮೇಲೆ ಭಂಗಿ ಬದಲಿಸಿ. ಊಟವನ್ನೂ ಇದರಲ್ಲೇ ಮಾಡಿಸಿ, ಮಲಗಿಸಿ ಉಣಿಸಿದರೆ ಅನ್ನ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ.

ಇನ್ನೊಂದು ಕೆಲಸವನ್ನು ಮುಂದೂಡಬೇಡಿ. ನಿಲ್ಲದ ಮಕ್ಕಳಲ್ಲಿ ಸೊಂಟದ ಕೀಲು ನೋವು ತೋರದೆಯೇ ಗುಳಿಯಿಂದ ಜಾರಬಹುದು. ಬಟ್ಟೆ ಬದಲಿಸುವಾಗ ಒಂದು ತೊಡೆ ಇನ್ನೊಂದಕ್ಕಿಂತ ಕಡಿಮೆ ಅಗಲುತ್ತಿದ್ದರೆ ಅದೇ ಸೂಚನೆ. ಸೂಚನೆ ಇರಲಿ, ಇಲ್ಲದಿರಲಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಎಲುಬು ವಿಭಾಗದಲ್ಲಿ ಎರಡೂ ಸೊಂಟದ ಎಕ್ಸ್‌ರೇ ತೆಗೆಸಿ, ಮತ್ತೆ ಯಾವಾಗ ತೆಗೆಸಬೇಕೆಂದು ಬರೆಸಿಕೊಳ್ಳಿ. ಸ್ಟ್ಯಾಂಡಿಂಗ್ ಫ್ರೇಮಿನಲ್ಲಿ (ಆಸರೆಯ ಚೌಕಟ್ಟಿನಲ್ಲಿ) ನಿಲ್ಲಿಸುವುದು ಆ ಚಿತ್ರ ನೋಡಿದ ಮೇಲೆ. ಖರ್ಚಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಇದೆ, ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿಯೂ ಸೇರಿ.

ಪ್ರಶ್ನೆ: ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸಿದರೆ ಮಗ ನಡೆಯುತ್ತಾನೆ ಎನ್ನುತ್ತಾರೆ. ತೋಟ ಅಡವಿಡಲು ಯೋಚಿಸುತ್ತಿದ್ದೇವೆ.
– ಭದ್ರಾವತಿ

ಉತ್ತರ: ಇಡಬೇಡಿ. 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಸೆರೆಬ್ರಲ್ ಪಾಲ್ಸಿಗೆ ಇದು ಒಪ್ಪಿತ ಚಿಕಿತ್ಸೆ ಅಲ್ಲ, ಸಂಶೋಧನೆಯ ಪ್ರಯೋಗದಲ್ಲಿ ಮಾತ್ರ ಕೊಡಬಹುದು. ಅದಕ್ಕೆ ನಿಮ್ಮಿಂದ ಲಕ್ಷಗಟ್ಟಲೆ ಕೇಳುತ್ತಿದ್ದಾರೆಂದರೆ ಅದು ಪ್ರಯೋಗವಲ್ಲ, ವ್ಯಾಪಾರ.