ಧಾರವಾಡದ ಏರಿಗೆ ಮೊದಲನೇ ಇ-ಸೈಕಲ್

ಟೈಫಾಯ್ಡ್ ಆದ ಮ್ಯಾಲೆ ಕಾಲಾಗ ಕಸುವಿಲ್ಲ, ವಿದ್ಯಾಗಿರಿಯಿಂದ ಕೆಲಗೇರಿ ಕೆರೆಗೆ ಹೋಗಿ ಬರಾಕ ಯಾವ ಇ-ಸೈಕಲ್ ಅಂತ ಕೇಳೀರಿ. ಡಾಕ್ಟರ್ ಹೂಂ ಅಂದಾರಂದ್ರ, ಬ್ಯಾಟರಿಗಿಂತ ಮೊದ್ಲು, ಮೋಟರ್ ಯಾವಾಗ ಎಳೀಬೇಕು ಅಂತ ಹೇಳೋ ಸೆನ್ಸರ್ ನೋಡ್ರಿ.

ಅಗ್ಗದ ಸೈಕಲ್‌ನಾಗ ಕೇಡೆನ್ಸ್ ಸೆನ್ಸರ್ ಇರತೈತಿ. ಪೆಡಲ್ ಸುಮ್ನ ತಿರುಗಿದ್ರೂ ಮೋಟರ್ ಎಳೀತೈತಿ, ಕಾಲಿಗೆ ಕೆಲಸಾನ ಇಲ್ಲ. ಟಾರ್ಕ್ ಸೆನ್ಸರ್ ಹಂಗಲ್ಲ, ನೀವು ಒತ್ತಿದಷ್ಟಕ್ಕ ತಕ್ಕಂಗ ಕೈಜೋಡಸತೈತಿ. ರೊಕ್ಕ ಜಾಸ್ತಿ ಖರೆ, ಆದ್ರ ನಿಮಗ ಬೇಕಾದ್ದು ಇದ. ಕೇಡೆನ್ಸ್‌ದ ತಗೊಂಡ್ರ, ಬ್ರೇಕ್ ಹಿಡದ ಕೂಡ್ಲೆ ಮೋಟರ್ ನಿಲ್ಲತೈತೇನು ಅಂತ ಅಂಗಡಿ ಮುಂದನ ಓಡಿಸಿ ನೋಡ್ರಿ.

ಬ್ಯಾಟರಿ 36 ವೋಲ್ಟ್, 10 ಆಂಪಿಯರ್-ಅವರ್ ಅಂದ್ರ 360 ವ್ಯಾಟ್-ಅವರ್. ಪೆಡಲ್ ತುಳಕೊಂತ ಹೋದ್ರ ಸುಮಾರು 30 ಕಿ.ಮೀ. ಬರ್ತೈತಿ, ಪೆಡಲ್ ತುಳೀದ ಬರೇ ಥ್ರಾಟಲ್ (ಹಿಡಿಕಿಯೊಳಗಿನ ಎಕ್ಸಿಲರೇಟರ್) ತಿರುವಿ ಏರು ಹತ್ತಿದ್ರ ಭಾಳ ಕಡಿಮಿ. ಮೋಟರ್ 250 ವ್ಯಾಟ್, ವೇಗ ತಾಸಿಗೆ 25 ಕಿ.ಮೀ. ಒಳಗಿದ್ರ ಲೈಸೆನ್ಸ್ ಬ್ಯಾಡ.

ನಡುವಿನ ದಾಂಡು ತಗ್ಗಿದ್ದ ಫ್ರೇಮ್ ಆರಿಸ್ರಿ, ಕಾಲು ಎತ್ತಿ ದಾಟಸೋದು ತಪ್ಪತೈತಿ. ತೂಕ 20 ಕಿಲೋ ದಾಟಿದ್ರ ಮೆಟ್ಟಲ ಹತ್ತಸೋದು ಆಗೂದಿಲ್ಲ, ಅದಕ್ಕ ಚಾರ್ಜ್ ಮಾಡಾಕ ಬ್ಯಾಟರಿ ಅಷ್ಟ ಬಿಚ್ಚಿ ಒಯ್ಯೋವಂಗಿರಲಿ. ಏರಿನಾಗ ಮೊದ್ಲ ಹಗುರ ಗೇರ್‌ಗೆ ಬರ್ರಿ. ಭಾರೀ ಗೇರ್‌ನಾಗ ನಿಧಾನ ಹತ್ತಿದ್ರ ಹಬ್ ಮೋಟರ್ (ಗಾಲಿ ನಡುವಿನ ಮೋಟರ್) ಬಿಸಿ ಆಗತೈತಿ, ಮೊಣಕಾಲೂ ನೋಯ್ತಾವ. ಮಾತಾಡಾಕ ಉಸಿರು ಸಾಲಲಿಲ್ಲಂದ್ರ ಸಹಾಯ ಒಂದು ಹಂತ ಏರಿಸ್ರಿ.