ಸಂಪಾದಕರ ಉತ್ತರ: ಟಿಕೆಟ್ಟಿನ ಬೆಲೆ ಬೇರೆ, ದಿನದ ಬೆಲೆ ಬೇರೆ

ಓದುಗರೊಬ್ಬರ ಪತ್ರ: ನಾವಿಬ್ಬರು, ಅತ್ತೆ-ಮಾವ, ಒಂಬತ್ತು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳು ರಜೆಯ ಭಾನುವಾರ ಥೀಮ್ ಪಾರ್ಕಿಗೆ ಹೋಗಿದ್ದೆವು. ಟಿಕೆಟ್ಟಿಗೆ ಕೊಟ್ಟಷ್ಟೇ ಹಣ ಒಳಗೂ ಹೋಯಿತು. ಇಷ್ಟಾದರೂ ಹತ್ತಿದ್ದು ಐದೇ ರೈಡ್. ರಿಯಾಯಿತಿ ಕೂಪನ್ ಎಲ್ಲಿ ಸಿಗುತ್ತದೆ? ವರ್ಷದ ಪಾಸ್ ಲಾಭವೇ? ಹೆಚ್ಚು ಹಣ ಕೊಟ್ಟು ಬೇಗ ಹೋಗುವ ಸಾಲು ತೆಗೆದುಕೊಳ್ಳಬೇಕಿತ್ತೇ?

ಉತ್ತರ: ನೀವು ಮೊದಲು ಕೇಳಿದ ಕೂಪನ್ನಿನ ವಿಷಯವನ್ನು ನಾವು ಕೊನೆಗೆ ಇಟ್ಟುಕೊಳ್ಳುತ್ತೇವೆ. ಅದರಲ್ಲಿ ಉಳಿಯುವುದು ಎಲ್ಲಕ್ಕಿಂತ ಕಡಿಮೆ. ನಿಮ್ಮದೇ ಲೆಕ್ಕ ನೋಡಿ. ಟಿಕೆಟ್ 100 ಎಂದಿಟ್ಟುಕೊಂಡರೆ ಒಳಗಿನ ಖರ್ಚೂ 100, ಒಟ್ಟು 200. ಐದು ರೈಡ್ ಎಂದರೆ ಒಂದಕ್ಕೆ 40 ಬಿತ್ತು. ಶೇಕಡಾ 10ರ ಕೂಪನ್ ಸಿಕ್ಕಿದ್ದರೆ ಅದು 38 ಆಗುತ್ತಿತ್ತು, ಅಷ್ಟೇ. ಅದರ ಬದಲು 85ರ ಟಿಕೆಟ್ ಇರುವ ದಿನ ಹೋಗಿ, ಒಳಗಿನ ಖರ್ಚನ್ನು 45ಕ್ಕೆ ಇಳಿಸಿ, ಹತ್ತು ರೈಡ್ ಹತ್ತಿದರೆ ಒಂದಕ್ಕೆ 13. ಹಾಗಾಗಿ ಟಿಕೆಟ್ಟಿನ ಬೆಲೆಗಿಂತ ಇಡೀ ದಿನದ ಬೆಲೆಯನ್ನು ಇಳಿಸುವುದು ಹೇಗೆ ಎಂದು ನೋಡೋಣ.

ಮೊದಲು ದಿನದ ಆಯ್ಕೆ. ಅಮೆರಿಕದ ಡಿಸ್ನಿ ಪಾರ್ಕ್‌ಗಳು 2016ರಲ್ಲಿ ಒಂದು ದಿನದ ಟಿಕೆಟ್ಟಿಗೆ ದಿನಾಂಕಕ್ಕೆ ತಕ್ಕ ಬೆಲೆ ಇಡಲು ಶುರುಮಾಡಿದವು. ಈಗ ಹಲವು ಪಾರ್ಕ್‌ಗಳಲ್ಲಿ ಇದೇ ಪದ್ಧತಿ. ಪಾರ್ಕಿನ ಬೆಲೆ ಕ್ಯಾಲೆಂಡರ್ ತೆರೆದರೆ ಅದು ಜನಸಂದಣಿಯ ಮುನ್ಸೂಚನೆಯೂ ಹೌದು: ಅವರೇ ದುಬಾರಿ ಮಾಡಿದ ದಿನ ಜನ ತುಂಬುತ್ತಾರೆಂಬುದು ಅವರಿಗೇ ಗೊತ್ತು. ಆದರೆ ಅಗ್ಗದ ದಿನ ಎಂದೊಡನೆ ಹಾರಿ ಬೀಳಬೇಡಿ. ಅಂಥ ದಿನಗಳಲ್ಲಿ ಬಾಗಿಲು ಬೇಗ ಮುಚ್ಚುತ್ತದೆ, ದೊಡ್ಡ ರೈಡ್‌ಗಳನ್ನು ದುರಸ್ತಿಗೆ ನಿಲ್ಲಿಸುವುದೂ ಆಗಲೇ. ಸಾಲಿನ ವೇಗವೂ ಬದಲಾಗುತ್ತದೆ. 24 ಸೀಟಿನ ರೋಲರ್ ಕೋಸ್ಟರ್ ಎರಡು ನಿಮಿಷಕ್ಕೊಮ್ಮೆ ಹೊರಟರೆ ಗಂಟೆಗೆ 720 ಜನ ಹತ್ತುತ್ತಾರೆ. ಮುಂದೆ 600 ಜನ ಇದ್ದರೆ ನಿಮ್ಮ ಸರದಿಗೆ 50 ನಿಮಿಷ. ಜನ ಕಡಿಮೆ ಇರುವ ದಿನ ಎರಡು ರೈಲಿನ ಬದಲು ಒಂದನ್ನೇ ಓಡಿಸುವುದುಂಟು. ನಾಲ್ಕು ನಿಮಿಷಕ್ಕೊಂದು ಹೊರಟರೆ ಮುಂದೆ ಬರೀ 300 ಜನ ಇದ್ದರೂ ಅದೇ 50 ನಿಮಿಷ ಕಾಯಬೇಕು. ಆದ್ದರಿಂದ ಟಿಕೆಟ್ ಕೊಳ್ಳುವ ಮುನ್ನ ಆ ದಿನದ ಸಮಯ ಮತ್ತು ಮುಚ್ಚಿರುವ ರೈಡ್‌ಗಳ ಪಟ್ಟಿ ಎರಡನ್ನೂ ನೋಡಿ.

ದಿನದ ಅತ್ಯಂತ ಬೆಲೆಯುಳ್ಳ ಗಂಟೆ ಬಾಗಿಲು ತೆರೆದ ಮೊದಲ ಗಂಟೆ. ತೆರೆಯುವುದಕ್ಕೆ ಅರ್ಧ ಗಂಟೆ ಮೊದಲೇ ಟಿಕೆಟ್ ಕೈಯಲ್ಲಿ ಹಿಡಿದು ನಿಂತಿರಿ. ಹೆಚ್ಚಿನವರು ಗೇಟಿನ ಹತ್ತಿರದ ಮೊದಲ ರೈಡಿಗೇ ಮುಗಿಬೀಳುತ್ತಾರೆ. ನೀವು ಅದನ್ನು ದಾಟಿ, ದೂರದಲ್ಲಿರುವ, ಒಮ್ಮೆಗೆ ಕಡಿಮೆ ಜನರನ್ನು ಹತ್ತಿಸಿಕೊಳ್ಳುವ ಹೆಸರುವಾಸಿ ರೈಡಿಗೆ ಹೋಗಿ. ಮಧ್ಯಾಹ್ನ ಅದರ ಸಾಲು ಕರಗುವುದೇ ಇಲ್ಲ. ದೊಡ್ಡ ಸಭಾಂಗಣದ ಪ್ರದರ್ಶನ, ದೋಣಿ ಸವಾರಿಯಂಥವು ಒಟ್ಟಿಗೇ ನೂರಾರು ಜನರನ್ನು ನುಂಗುತ್ತವೆ. ಅವನ್ನು ಬಿಸಿಲಿನ ಹೊತ್ತಿಗೆ ಇಟ್ಟುಕೊಳ್ಳಬಹುದು.

ಇನ್ನು ಯಾರಿಗೆ ಯಾವ ಟಿಕೆಟ್. ಕೆಲವು ಪಾರ್ಕ್‌ಗಳು ಮಕ್ಕಳ ಟಿಕೆಟ್ಟನ್ನು ವಯಸ್ಸಿನಿಂದ ನಿರ್ಧರಿಸುತ್ತವೆ, ಕೆಲವು ಎತ್ತರದಿಂದ. ಅಮೆರಿಕದ ಡಿಸ್ನಿಯಲ್ಲಿ ಮೂರು ವರ್ಷದೊಳಗೆ ಉಚಿತ, 3ರಿಂದ 9 ಮಕ್ಕಳ ದರ, ಹತ್ತು ತುಂಬಿದರೆ ದೊಡ್ಡವರ ಲೆಕ್ಕ. ಇಂಥ ನಿಯಮ ಇರುವಲ್ಲಿ ನಿಮ್ಮ ಹಿರಿಯ ಮಗುವಿನ ಹತ್ತನೆಯ ಹುಟ್ಟುಹಬ್ಬಕ್ಕೆ ಮೊದಲೇ ಹೋಗಿಬನ್ನಿ. ರೈಡ್ ಹತ್ತಲು ಮಾತ್ರ ಎಲ್ಲೆಡೆ ಎತ್ತರವೇ ಮಾನದಂಡ: 102, 122, 140 ಸೆಂ.ಮೀ. ಆಸುಪಾಸಿನ ಗೆರೆಗಳು ಸಾಮಾನ್ಯ. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದು, ರೈಡ್‌ಗಳ ಪಟ್ಟಿಯ ಪಕ್ಕದಲ್ಲಿ ಹತ್ತಬಹುದು, ಹತ್ತಲಾಗದು ಎಂದು ಗುರುತು ಹಾಕಿ. ಗೆರೆಗೆ ಎರಡು ಸೆಂಟಿಮೀಟರ್ ಕಮ್ಮಿ ಇರುವ ಮಗುವನ್ನು ಈ ವರ್ಷ ಕರೆದೊಯ್ದು ಅಳಿಸುವುದಕ್ಕಿಂತ ಆರು ತಿಂಗಳು ಕಾಯುವುದು ಮೇಲು.

ನಿಮ್ಮ ಅತ್ತೆ-ಮಾವನವರು ರೈಡ್ ಹತ್ತುವವರಲ್ಲದಿದ್ದರೆ ಪ್ರವೇಶಕ್ಕೂ ರೈಡಿಗೂ ಬೇರೆ ಬೇರೆ ಹಣ ಇರುವ ಪಾರ್ಕ್ ಹುಡುಕಿ. ಈ ಪದ್ಧತಿ ಹಳೆಯದು. 1843ರಲ್ಲಿ ತೆರೆದ ಕೋಪನ್‌ಹೇಗನ್ನಿನ ಟಿವೋಲಿಯಲ್ಲಿ ಇಂದಿಗೂ ಪ್ರವೇಶ ಬೇರೆ, ರೈಡ್ ಬೇರೆ. ಅಮೆರಿಕದ ಪೆನ್ಸಿಲ್ವೇನಿಯಾದ ಕ್ನೋಬೆಲ್ಸ್ ಪಾರ್ಕಿನಲ್ಲಿ ಪ್ರವೇಶವೂ ಪಾರ್ಕಿಂಗೂ ಉಚಿತ, ಹತ್ತಿದ ರೈಡಿಗಷ್ಟೇ ಹಣ. ಡಿಸ್ನಿಲ್ಯಾಂಡಿನಲ್ಲೂ 1982ರವರೆಗೆ ರೈಡ್‌ಗಳಿಗೆ ಕೂಪನ್ ಪುಸ್ತಕ ಇತ್ತು. ಎಲ್ಲ ಸೇರಿದ ಟಿಕೆಟ್ ಬಂದಮೇಲೆ ಬೆಂಚಿನ ಮೇಲೆ ಕುಳಿತ ಅಜ್ಜನೂ ರೋಲರ್ ಕೋಸ್ಟರಿನ ಹಣ ಕೊಡುವಂತಾಯಿತು!

ಬೇಗ ಹೋಗುವ ಸಾಲಿನ ಬಗ್ಗೆ ನಮ್ಮ ಅಭಿಪ್ರಾಯ: ನಿಮ್ಮ ಕುಟುಂಬಕ್ಕೆ ಬೇಡ. ಡಿಸ್ನಿ 1999ರಲ್ಲಿ ಇದನ್ನು ಉಚಿತವಾಗಿ ಕೊಡಲಾರಂಭಿಸಿತ್ತು. ಅಮೆರಿಕದಲ್ಲಿ 2021ರಲ್ಲಿ ಅದರ ಜಾಗಕ್ಕೆ ಹಣ ಕೊಡುವ ಸಾಲು ಬಂತು. ಇದರ ಪ್ರಯೋಜನ ಇರುವುದು ಕಿಕ್ಕಿರಿದ ದಿನ, ದೊಡ್ಡ ರೈಡ್‌ಗಳಲ್ಲಿ. ಆರು ಜನರಲ್ಲಿ ಅವನ್ನು ಹತ್ತುವವರು ಮೂವರೇ ಆದರೆ ಆರು ಪಾಸ್ ಕೊಳ್ಳುವುದು ದಂಡ. ಬದಲಿಗೆ, ಖರ್ಚಿಲ್ಲದ ಎರಡು ದಾರಿ ಕೇಳಿ ನೋಡಿ. ಒಂದು, ಸರದಿ ಬದಲಾವಣೆ: ಚಿಕ್ಕ ಮಗುವಿನ ಜೊತೆ ಒಬ್ಬರು ಹೊರಗೆ ನಿಂತರೆ, ಇನ್ನೊಬ್ಬರು ಇಳಿದ ಮೇಲೆ ಅವರು ಮತ್ತೆ ಸಾಲು ಹಿಡಿಯದೆ ಹತ್ತಬಹುದು. ಮೊದಲೇ ಸಿಬ್ಬಂದಿಗೆ ಹೇಳಬೇಕು, ಇಳಿದ ಮೇಲೆ ಕೇಳಿದರೆ ನಡೆಯುವುದಿಲ್ಲ. ಇನ್ನೊಂದು, ಒಂಟಿ ಸವಾರರ ಸಾಲು. ಖಾಲಿ ಉಳಿದ ಸೀಟಿಗೆ ಒಬ್ಬೊಬ್ಬರನ್ನೇ ತುಂಬುತ್ತಾರೆ. ಅಕ್ಕಪಕ್ಕ ಕೂರಲಾಗದು, ಹಾಗಾಗಿ ದೊಡ್ಡವರಿಗೆ ಮಾತ್ರ.

ವರ್ಷದ ಪಾಸ್ ಸರಳ ಭಾಗಾಕಾರ. ಪಾಸ್ 250, ದಿನದ ಟಿಕೆಟ್ 100 ಆದರೆ ಮೂರನೇ ಭೇಟಿಯಿಂದ ಲಾಭ. ಆದರೆ ನೀವು ರಜಾದಿನವೇ ಹೋಗುವವರಾದರೆ ಪಾಸ್ ನಡೆಯದ ದಿನಗಳ ಪಟ್ಟಿಯನ್ನು ಮೊದಲು ಓದಿ. ಅಗ್ಗದ ಪಾಸುಗಳಲ್ಲಿ ರಜಾದಿನಗಳೇ ಕೈಬಿಟ್ಟಿರುತ್ತವೆ. ಪಾಸ್ 365 ದಿನದ್ದಾದರೆ ಈ ವರ್ಷದ ರಜೆಯ ನಡುವೆ ಶುರುಮಾಡಿ ಮುಂದಿನ ವರ್ಷದ ರಜೆಯ ಆರಂಭದಲ್ಲಿ ಮತ್ತೆ ಹೋಗಬಹುದು, ಒಂದೇ ಪಾಸಿಗೆ ಎರಡು ರಜೆ. ವರ್ಷಾಂತ್ಯಕ್ಕೆ ಮುಗಿಯುವ ಪಾಸ್ ಆದರೆ ಈ ಉಪಾಯ ಸಾಗದು. ಎಲ್ಲರಿಗೂ ಪಾಸ್ ಬೇಕಿಲ್ಲ: ಪಾರ್ಕಿಂಗ್, ಊಟದ ರಿಯಾಯಿತಿಗೆ ಒಬ್ಬರ ಪಾಸೇ ಸಾಕಾಗುವುದುಂಟು. ಹಲವೆಡೆ ಆ ದಿನದ ಟಿಕೆಟ್ಟಿಗೆ ವ್ಯತ್ಯಾಸದ ಹಣ ಸೇರಿಸಿ, ಹೊರಡುವ ಮುನ್ನ ಪಾಸಾಗಿ ಬದಲಿಸಿಕೊಳ್ಳಬಹುದು. ತಾನಾಗಿ ನವೀಕರಣವಾಗುವ ಷರತ್ತು ಇದೆಯೇ ಎಂದೂ ನೋಡಿ.

ನಿಮ್ಮ ಎರಡನೇ 100 ಸೋರಿದ್ದು ಗೇಟಿನ ಒಳಗೆ, ಬಹುಪಾಲು ಮಧ್ಯಾಹ್ನ. ಹಸಿವು, ಬಾಯಾರಿಕೆ, ಒದ್ದೆ ಬಟ್ಟೆ ಮೂರೂ ಒಟ್ಟಿಗೆ ಬಂದಾಗ ಯಾರೂ ಬೆಲೆ ನೋಡುವುದಿಲ್ಲ. ಬುತ್ತಿಯ ನಿಯಮ ಪಾರ್ಕಿನಿಂದ ಪಾರ್ಕಿಗೆ ಬೇರೆ. ಅಮೆರಿಕದ ಡಿಸ್ನಿ ಪಾರ್ಕ್‌ಗಳಿಗೆ ಮನೆಯ ಊಟ ಒಯ್ಯಬಹುದು, ಗಾಜಿನ ಪಾತ್ರೆ ಮತ್ತು ಮದ್ಯ ಕೂಡದು. ಅಲ್ಲಿನ ಕೌಂಟರ್‌ಗಳಲ್ಲಿ ಕೇಳಿದರೆ ಒಂದು ಲೋಟ ತಣ್ಣೀರು ಉಚಿತ. ಇಂಡಿಯಾನಾದ ಹಾಲಿಡೇ ವರ್ಲ್ಡ್‌ನಲ್ಲಿ ತಂಪು ಪಾನೀಯವೂ ಸನ್‌ಸ್ಕ್ರೀನೂ ಟಿಕೆಟ್ಟಿನಲ್ಲೇ ಸೇರಿವೆ. ಬುತ್ತಿ ಬಿಡದ ಕಡೆಯೂ ಶಿಶು ಆಹಾರ, ವೈದ್ಯರು ಹೇಳಿದ ಪಥ್ಯದ ಊಟಕ್ಕೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ. ಮಾವನವರಿಗೆ ಪಥ್ಯವಿದ್ದರೆ ಚೀಟಿ ಇಟ್ಟುಕೊಳ್ಳಿ. ಕೈಗೆ ಮುದ್ರೆ ಒತ್ತಿ ಹೊರಗೆ ಬಿಡುವ ಪಾರ್ಕ್ ಆದರೆ ಕಾರಿನಲ್ಲೇ ಊಟ ಮುಗಿಸಿ ಬನ್ನಿ. ಒಳಗೇ ತಿನ್ನುವುದಾದರೆ ಹನ್ನೊಂದೂವರೆಗೋ ಎರಡೂವರೆಯ ಮೇಲೋ. ನಡುವೆ ಹೋದರೆ ಹಣದ ಜೊತೆಗೆ ಮುಕ್ಕಾಲು ಗಂಟೆಯೂ ಹೋಗುತ್ತದೆ. ನೀರಿನ ಬಾಟಲಿಯಲ್ಲಿ ಅರ್ಧದಷ್ಟು ಮಾತ್ರ ತುಂಬಿ ರಾತ್ರಿ ಫ್ರೀಜರಿನಲ್ಲಿ ಮಲಗಿಸಿಡಿ, ಬೆಳಿಗ್ಗೆ ಉಳಿದರ್ಧ ತುಂಬಿ. ಪೂರ್ತಿ ತುಂಬಿಟ್ಟರೆ ಹೆಪ್ಪುಗಟ್ಟುವಾಗ ನೀರು ಹಿಗ್ಗಿ ಬಾಟಲಿ ಸೀಳುತ್ತದೆ.

ನೀರಾಟ ಇರುವಲ್ಲಿ ನೈಲಾನ್ ಅಥವಾ ಲೈಕ್ರಾ ಈಜುಡುಗೆ, ಟವೆಲ್ ಮನೆಯಿಂದಲೇ ಒಯ್ಯಿರಿ. ಹತ್ತಿ ಬಟ್ಟೆ ನೀರು ಹೀರಿ ಭಾರವಾಗುತ್ತದೆ, ಅದರ ಎಳೆ ಫಿಲ್ಟರಿಗೆ ಸಿಕ್ಕುತ್ತದೆ. ಜಿಪ್, ಲೋಹದ ಗುಂಡಿ ಜಾರುಬಂಡೆಯನ್ನು ಗೀರುತ್ತವೆ. ಅದಕ್ಕೇ ತಡೆಯುತ್ತಾರೆ, ಆಮೇಲೆ ಅಲ್ಲಿನ ಅಂಗಡಿಯಲ್ಲೇ ಕೊಳ್ಳಬೇಕಾಗುತ್ತದೆ. ಲಾಕರ್ ಒಂದೇ ಸಾಕು, ದೊಡ್ಡದು ತೆಗೆದುಕೊಳ್ಳಿ. ಎಷ್ಟು ಬಾರಿ ತೆರೆಯಬಹುದು ಎಂದು ಹಣ ಕೊಡುವ ಮೊದಲೇ ಕೇಳಿ. ಮಳೆಯಂಗಿ ಚೀಲದಲ್ಲಿರಲಿ. ಆಟಿಕೆಗೆ ಮಕ್ಕಳಿಗೆ ಇಷ್ಟೇ ಎಂದು ಕೈಗೇ ಕೊಟ್ಟು, ಹೊರಡುವಾಗ ಕೊಳ್ಳಲು ಹೇಳಿ. ಹಲವು ರೈಡ್‌ಗಳ ಹೊರದಾರಿ ಅಂಗಡಿಯೊಳಗೇ ತೆರೆದುಕೊಳ್ಳುವುದು ಆಕಸ್ಮಿಕವಲ್ಲ.

ಇನ್ನು ಕೂಪನ್. ಪಾರ್ಕಿನ ಸ್ವಂತ ಜಾಲತಾಣದಲ್ಲಿ ಮುಂಗಡ ಕೊಂಡರೆ ಗೇಟಿಗಿಂತ ಕಡಿಮೆ ಇರುವುದೇ ಹೆಚ್ಚು. ಕಚೇರಿ, ಶಾಲೆ, ಬ್ಯಾಂಕ್ ಕಾರ್ಡಿನ ರಿಯಾಯಿತಿಗಳನ್ನು ಅದರ ಮೇಲೆ ಹೋಲಿಸಿ ನೋಡಿ, ಗೇಟಿನ ದರದ ಮೇಲಲ್ಲ. ಬೇರೆಯವರು ಅರ್ಧ ಬಳಸಿದ ಬಹುದಿನದ ಟಿಕೆಟ್ ಮಾತ್ರ ಎಷ್ಟು ಅಗ್ಗವಾದರೂ ಬೇಡ. ಮೊದಲ ಪ್ರವೇಶದಲ್ಲೇ ಫೋಟೊ ಅಥವಾ ಬೆರಳಚ್ಚು ಜೋಡಿಸುವ ಪಾರ್ಕ್‌ಗಳಲ್ಲಿ ಅದು ಗೇಟಿನಲ್ಲೇ ನಿಲ್ಲುತ್ತದೆ. ಹಣ ಕಟ್ಟುವ ಮುನ್ನ ಮಳೆ ಬಂದರೆ, ಮಗುವಿಗೆ ಜ್ವರ ಬಂದರೆ ದಿನಾಂಕ ಬದಲಿಸಲು ಬಿಡುತ್ತಾರೆಯೇ, ಎಷ್ಟು ದಿನ ಮೊದಲು ಹೇಳಬೇಕು ಎಂಬ ಸಾಲನ್ನು ಹುಡುಕಿ ಓದಿ.